ಲೆಟ್ಯೂಸ್ ಗಡ್ಡೆ ಕಟ್ಟುವ ಮುನ್ನ: ಕೊಡಗಿನಲ್ಲಿ ಎಲೆ ತಿನ್ನುವ ಹುಳುಗಳ ಹತೋಟಿ

(ಕೊಡಗಿನ ಸೊಪ್ಪು, ತರಕಾರಿ ಬೆಳೆಗಾರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಬೆಳೆಗಾರ ಬಂಧುಗಳಿಗೆ ನಮಸ್ಕಾರ.

ಬದನೆ ಗಿಡದ ಎಲೆ ತೂತಾದರೂ ಕಾಯಿ ಮಾರಬಹುದು. ಎಲೆಕೋಸಿನ ಹೊರಗಿನ ನಾಲ್ಕು ಎಲೆ ಕಿತ್ತು ಹಾಕಿದರೆ ಒಳಗಿನದು ಚೆನ್ನಾಗಿರುತ್ತದೆ, ಅದನ್ನು ಬೇಯಿಸಿಯೇ ತಿನ್ನುತ್ತೇವೆ. ಲೆಟ್ಯೂಸಿನಲ್ಲಿ ಈ ಎರಡೂ ಅನುಕೂಲ ಇಲ್ಲ. ಮಾರುವುದೇ ಎಲೆ, ತಿನ್ನುವುದು ಹಸಿಯಾಗಿ. ಹೋಂಸ್ಟೇ ಅಥವಾ ರೆಸಾರ್ಟಿನ ಅಡುಗೆಮನೆಯಲ್ಲಿ ಒಂದು ಗಡ್ಡೆಯೊಳಗೆ ಹುಳು ಸಿಕ್ಕಿದರೆ ಇಡೀ ಕ್ರೇಟ್ ವಾಪಸ್ ಬರುತ್ತದೆ. ಅದಕ್ಕೆ ಹೆದರಿ ಕೊಯ್ಲಿನ ಹಿಂದಿನ ವಾರ ಔಷಧಿ ಹೊಡೆದರೆ ಅದು ನೇರ ತಟ್ಟೆಗೆ ಹೋಗುತ್ತದೆ.

ಆದ್ದರಿಂದ ಇವತ್ತಿನ ಮಾತೆಲ್ಲ ಸಮಯದ ಬಗ್ಗೆಯೇ. ಐಸ್‌ಬರ್ಗ್ ತಳಿ ನಾಟಿಯಾದ ಸುಮಾರು ಐದು ವಾರಕ್ಕೆ ಒಳಗಿನ ಎಲೆಗಳನ್ನು ಮಡಚಿಕೊಂಡು ಗಡ್ಡೆ ಕಟ್ಟಲು ಶುರುಮಾಡುತ್ತದೆ. ಚಳಿ, ಬಿಸಿಲು, ತಳಿ ನೋಡಿ ಒಂದು ವಾರ ಹಿಂದೆ ಮುಂದೆ ಆಗಬಹುದು. ಆ ಹೊತ್ತಿಗೆ ಒಳಗೆ ಸೇರಿದ ಹುಳುವಿಗೆ ಯಾವ ಸಿಂಪಡಣೆಯೂ ತಾಗುವುದಿಲ್ಲ. ಸುಳಿ ತೆರೆದಿರುವಾಗ, ಹುಳು ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಿರುವಾಗ ಕೆಲಸ ಮುಗಿಯಬೇಕು. ಲೊಲ್ಲೊ ರೊಸ್ಸೊ ಥರದ ಬಿಡಿ ಎಲೆಯ ತಳಿಗಳಲ್ಲಿ ಹುಳು ಕೈಗೆ ಸಿಗುತ್ತದೆ, ಆದರೆ ನಾಟಿಯಾದ 30ರಿಂದ 45 ದಿನಕ್ಕೆ ಕೊಯ್ಲು ಬರುವುದರಿಂದ ಅಲ್ಲೂ ತಡಮಾಡಲು ಸಮಯವಿಲ್ಲ.

ಯಾವ ಹುಳು ಎಂದು ಮೊದಲು ತಿಳಿಯಬೇಕು

ಮುಖ್ಯವಾಗಿ ನಾಲ್ಕು ಹುಳುಗಳನ್ನು ಗುರುತಿಸಲು ಕಲಿತರೆ ಸಾಕು.

ಮೊದಲನೆಯದು ಸ್ಪೊಡೊಪ್ಟೆರಾ ಲಿಟುರಾ. ತಂಬಾಕು ಹುಳು ಎಂದರೆ ಬೇಗ ಗೊತ್ತಾಗುತ್ತದೆ. ಹೆಣ್ಣು ಪತಂಗ ಎಲೆಯ ಅಡಿಯಲ್ಲಿ ಇನ್ನೂರು, ಮುನ್ನೂರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ತನ್ನ ಮೈಯ ಕಂದು ರೋಮದಿಂದ ಮುಚ್ಚಿಬಿಡುತ್ತದೆ. ಮೂರರಿಂದ ಐದು ದಿನದಲ್ಲಿ ಮರಿ ಹೊರಬರುತ್ತದೆ. ಮರಿಗಳು ಮೊದಲು ಗುಂಪಾಗಿಯೇ ಇದ್ದು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ, ತೆಳ್ಳನೆಯ ಪೊರೆ ಮಾತ್ರ ಉಳಿಯುತ್ತದೆ. ಈ ಹಂತದಲ್ಲಿ ಒಂದು ಎಲೆ ಕಿತ್ತರೆ ನೂರಾರು ಹುಳು ಒಟ್ಟಿಗೆ ಹೋದ ಹಾಗೆ. ಎರಡು ಬಾರಿ ಪೊರೆ ಕಳಚಿದ ಮೇಲೆ ಅವು ಚದುರುತ್ತವೆ. ಆಮೇಲೆ ಹಗಲು ಮಣ್ಣಿನ ಹೆಂಟೆಯಡಿ, ಮಲ್ಚಿಂಗ್ ಹಾಳೆಯಡಿ ಅಡಗಿ ರಾತ್ರಿ ಮಾತ್ರ ತಿನ್ನುತ್ತವೆ. ಹಗಲು ಹುಳು ಕಾಣುವುದಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಎಲೆ ಇಲ್ಲ ಎಂಬ ದೂರು ಬಹುಪಾಲು ಇದರದೇ.

ಎರಡನೆಯದು ಹೆಲಿಕೊವರ್ಪಾ ಆರ್ಮಿಗೆರಾ, ಟೊಮೆಟೊದಲ್ಲಿ ಕಾಣುವ ಅದೇ ಕಾಯಿಕೊರಕ. ಇದು ಮೊಟ್ಟೆಗಳನ್ನು ಒಂದೊಂದಾಗಿ ಚದುರಿಸಿ ಇಡುತ್ತದೆ. ಹುಳುವಿನ ಬಣ್ಣ ಹಸಿರು, ಕಂದು, ಗುಲಾಬಿ ಹೇಗೂ ಇರಬಹುದು, ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಲೆಟ್ಯೂಸಿನಲ್ಲಿ ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಅಪಾಯಕಾರಿ, ಏಕೆಂದರೆ ಎಳೆಯ ವಯಸ್ಸಿನಲ್ಲೇ ಸುಳಿಗೆ ಇಳಿದು ಗಡ್ಡೆಯೊಳಗೆ ಸೇರಿಕೊಳ್ಳುತ್ತದೆ. ಹೊರಗೆ ಒಂದು ಸಣ್ಣ ತೂತು ಬಿಟ್ಟರೆ ಬೇರೆ ಗುರುತು ಇರುವುದಿಲ್ಲ.

ಮೂರನೆಯದು ಬೆನ್ನು ಬಾಗಿಸಿ ಗೇಣು ಹಾಕುತ್ತ ನಡೆಯುವ ಹಸಿರು ಹುಳು, ಸೆಮಿಲೂಪರ್. ಮೊದಲ ಎರಡು ಹುಳುಗಳಿಗೆ ಹೊಟ್ಟೆಯ ನಡುವೆ ನಾಲ್ಕು ಜೊತೆ ಮೆತ್ತನೆಯ ಕಾಲು ಇರುತ್ತವೆ, ಸೆಮಿಲೂಪರಿಗೆ ಎರಡೇ ಜೊತೆ. ಇದು ಕೋಶ ಕಟ್ಟುವುದು ಮಣ್ಣಿನಲ್ಲಲ್ಲ, ಎಲೆಯ ಅಡಿಯಲ್ಲಿ ಬಿಳಿ ರೇಷ್ಮೆಯ ಗೂಡಿನೊಳಗೆ. ಕೊಯ್ಲಿನಲ್ಲಿ ಆ ಗೂಡೂ ಸೊಪ್ಪಿನ ಜೊತೆ ಹೋಗುತ್ತದೆ.

ನಾಲ್ಕನೆಯದು ಅಗ್ರೋಟಿಸ್ ಇಪ್ಸಿಲಾನ್, ಸಸಿ ಕತ್ತರಿಸುವ ಹುಳು. ಕಪ್ಪು ಬೂದು ಬಣ್ಣ, ಜಿಡ್ಡು ಮೈ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ನಾಟಿಯಾದ ಮೊದಲ ಎರಡು ವಾರದಲ್ಲಿ ಸಸಿಯನ್ನು ನೆಲಮಟ್ಟದಲ್ಲಿ ತುಂಡರಿಸುತ್ತದೆ. ಬಿದ್ದ ಸಸಿಯ ಸುತ್ತ ಎರಡು ಇಂಚು ಮಣ್ಣು ಕೆದಕಿದರೆ ಅಲ್ಲೇ ಇರುತ್ತದೆ.

ಎಲೆಕೋಸಿನ ವಜ್ರ ಬೆನ್ನಿನ ಪತಂಗ ಲೆಟ್ಯೂಸಿಗೆ ಬರುವುದಿಲ್ಲ. ಅದು ಸಾಸಿವೆ ಜಾತಿಯ ಬೆಳೆಗಳದ್ದು, ಲೆಟ್ಯೂಸ್ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಹಾಗಾಗಿ ಕೋಸಿಗೆಂದು ಮಾರುವ ಆ ಪತಂಗದ ಲೂರ್, ಅಂದರೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಗುಳಿಗೆ, ತಂದು ಇಲ್ಲಿ ಕಟ್ಟಿ ಪ್ರಯೋಜನವಿಲ್ಲ. ಗುರುತು ಸಿಗದ ಹುಳುವನ್ನು ಒಂದು ಎಲೆಯ ಜೊತೆ ಡಬ್ಬಿಯಲ್ಲಿಟ್ಟು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೋ, ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ ಒಯ್ದು ತೋರಿಸಿ.

ಕೊಡಗಿನ ತೇವದಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಎಲೆ ತೂತಾದದ್ದೆಲ್ಲ ಹುಳುವಿನ ಕೆಲಸವಲ್ಲ. ಬಸವನ ಹುಳು, ಗೊಂಡೆಹುಳು ತಿಂದಿದ್ದರೆ ಒಣಗಿದ ಲೋಳೆಯ ಹೊಳೆಯುವ ಗೆರೆ ಇರುತ್ತದೆ, ಹಿಕ್ಕೆಯ ಕಾಳು ಇರುವುದಿಲ್ಲ. ಅವಕ್ಕೆ ಈಗ ಹೇಳಲಿರುವ ಯಾವ ಔಷಧಿಯೂ ನಾಟುವುದಿಲ್ಲ. ಮರಿಹುಳುವಿದ್ದರೆ ಸುಳಿಯಲ್ಲಿ ಹಿಕ್ಕೆ ಕಾಣುತ್ತದೆ. ಹಿಕ್ಕೆ ಹಸಿರಾಗಿ ಒದ್ದೆಯಿದ್ದರೆ ಹುಳು ಅಲ್ಲೇ ಇದೆ, ಒಣಗಿ ಕಪ್ಪಾಗಿದ್ದರೆ ಅದು ಜಾಗ ಬಿಟ್ಟು ಹೋಗಿದೆ. ಒಳಗಿನ ಎಳೆ ಎಲೆಗಳ ಅಂಚು ಕಂದಾಗಿ ಸುಟ್ಟಂತಿದ್ದರೆ ಅದು ಹುಳುವೇ ಅಲ್ಲ, ಸುಣ್ಣದಂಶ ಎಳೆ ಎಲೆಗೆ ತಲುಪದ ತೊಂದರೆ.

ನಾಟಿಗೆ ಮೊದಲು

ಭತ್ತ ಕೊಯ್ದ ಗದ್ದೆಯಲ್ಲಿ ಲೆಟ್ಯೂಸ್ ಹಾಕುವವರಿಗೆ ಒಂದು ದೊಡ್ಡ ಲಾಭವಿದೆ. ತಂಬಾಕು ಹುಳು, ಕಾಯಿಕೊರಕ, ಕತ್ತರಿಸುವ ಹುಳು ಮೂರೂ ಮಣ್ಣಿನೊಳಗೆ ಕೋಶವಾಗುತ್ತವೆ. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಅವು ಉಳಿಯುವುದಿಲ್ಲ. ಬಾಣೆ, ಅಂದರೆ ನೀರು ನಿಲ್ಲದ ಎತ್ತರದ ಜಾಗದಲ್ಲಿ, ಅದರಲ್ಲೂ ಪಾಲಿಹೌಸಿನಲ್ಲಿ ಒಂದರ ಹಿಂದೆ ಒಂದು ಲೆಟ್ಯೂಸ್ ಹಾಕುತ್ತ ಹೋದರೆ ಹಿಂದಿನ ಬೆಳೆಯ ಕೋಶಗಳೇ ಮುಂದಿನ ಬೆಳೆಗೆ ಪತಂಗವಾಗಿ ಎದ್ದು ಬರುತ್ತವೆ, ಅದೂ ಬಲೆಯ ಒಳಗಡೆಯೇ. ಅಂಥ ಕಡೆ ಬೆಳೆ ಮುಗಿದ ತಕ್ಷಣ ಒಂದು ಗೇಣು ಆಳ ಅಗೆದು ತಿರುವಿ. ಮಾರ್ಚ್, ಏಪ್ರಿಲ್‌ನಲ್ಲಿ ಮಡಿಗೆ ನೀರುಣಿಸಿ, 25 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಈ ಕೆಲಸಕ್ಕೆ ಬೇಡ, ಮಣ್ಣು ಅಷ್ಟು ಕಾಯುವುದಿಲ್ಲ.

ಕಳೆ ಕೀಳುವುದರಲ್ಲೂ ಒಂದು ಲೆಕ್ಕವಿದೆ. ಕತ್ತರಿಸುವ ಹುಳುವಿನ ಪತಂಗ ಮೊಟ್ಟೆ ಇಡುವುದು ಕಳೆಗಳ ಮೇಲೆ, ತೇವದ ನೆಲದಲ್ಲಿ. ನಾಟಿಯ ದಿನವೇ ಕಳೆ ಕಿತ್ತರೆ ಹಸಿದ ಹುಳುಗಳಿಗೆ ಉಳಿಯುವ ಒಂದೇ ಊಟ ನಿಮ್ಮ ಸಸಿ. ನಾಟಿಗೆ ಕನಿಷ್ಠ ಎರಡು ವಾರ ಮೊದಲೇ ಕಳೆ ತೆಗೆದು, ನೆಲ ಬರಿದಾಗಿ ಬಿಡಬೇಕು. ಆ ಅವಧಿಯಲ್ಲಿ ಸಂಜೆ ಹೊತ್ತು ಅಲ್ಲಲ್ಲಿ ಹಸಿ ಹುಲ್ಲಿನ ಸಣ್ಣ ಗುಡ್ಡೆ ಹಾಕಿ, ಬೆಳಗ್ಗೆ ಎತ್ತಿ ಅಡಿಯಲ್ಲಿ ಸೇರಿದ ಹುಳುಗಳನ್ನು ಸೋಪಿನ ನೀರಿಗೆ ಹಾಕಿ. ಸಣ್ಣ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಸುತ್ತಲಿನ ಗಿಡಗಳ ಪೈಕಿ ನಮ್ಮ ಊರಿನಲ್ಲಿ ಮೊದಲು ನೋಡಬೇಕಾದದ್ದು ಕೆಸು. ತಂಬಾಕು ಹುಳುವಿಗೆ ಕೆಸುವಿನ ಎಲೆ ಬಹಳ ಇಷ್ಟ. ತೋಡಿನ ಬದಿಯಲ್ಲಿ, ಬಚ್ಚಲ ನೀರು ಹರಿಯುವಲ್ಲಿ ಕೆಸು ಇಲ್ಲದ ಮನೆ ಕೊಡಗಿನಲ್ಲಿ ಅಪರೂಪ. ಅದನ್ನು ಕಡಿದು ಹಾಕಬೇಕಾಗಿಲ್ಲ, ಅದರಿಂದ ಕೆಲಸ ತೆಗೆಸಬಹುದು. ಅಗಲವಾದ ಎಲೆ, ಮೊಟ್ಟೆಯ ಕಂದು ಗುಂಪು, ಕೆರೆದು ತಿಂದ ಬಿಳಿ ಕಲೆ ದೂರದಿಂದಲೇ ಕಾಣುತ್ತದೆ. ಮೂರು ದಿನಕ್ಕೊಮ್ಮೆ ಅಡಿ ಮಗುಚಿ ನೋಡಿ, ಮೊಟ್ಟೆಯಿರುವ ತುಂಡನ್ನು ಕಿತ್ತು ಸುಟ್ಟುಬಿಡಿ. ಅಲ್ಲಿ ಮೊಟ್ಟೆ ಕಂಡ ವಾರವೇ ಲೆಟ್ಯೂಸ್ ಪಾತಿಯನ್ನೂ ಜೋಪಾನವಾಗಿ ನೋಡಬೇಕು. ನೋಡಿಕೊಳ್ಳಲು ಪುರುಸೊತ್ತಿಲ್ಲದಿದ್ದರೆ ಪಾತಿಯ ಹತ್ತಿರ ಕೆಸು ಇಡಬೇಡಿ, ಅದೇ ಹುಳು ಸಾಕುವ ಜಾಗವಾಗುತ್ತದೆ. ಹರಳು ಗಿಡವನ್ನು ಅಂಚಿನಲ್ಲಿ ಹಾಕುವುದಕ್ಕೂ ಇದೇ ಮಾತು. ಗದ್ದೆಯಲ್ಲಿ ಪಕ್ಕದವರು ಹಸಿಮೆಣಸು ಹಾಕಿದ್ದರೆ ಅವರ ಬೆಳೆ ಮುಗಿಯುವ ಹೊತ್ತಿಗೆ ಪತಂಗಗಳು ನಿಮ್ಮ ಕಡೆ ತಿರುಗುತ್ತವೆ. ನಾಟಿಯ ದಿನ ನಿಗದಿ ಮಾಡುವಾಗ ಅದನ್ನೂ ಕೇಳಿ ತಿಳಿದುಕೊಳ್ಳಿ.

ಬಲೆ, ದೀಪ, ಲೂರ್

ಪಾಲಿಹೌಸಿನವರು 40 ಮೆಷ್ (ಇಂಚಿಗೆ 40 ಕಣ್ಣು) ಬಲೆ ಹಾಕಿಸುತ್ತಾರೆ. ಬಿಳಿನೊಣ ತಡೆಯಲು ಅದು ಬೇಕು. ಪತಂಗ ಮಾತ್ರ ತಡೆಯಬೇಕಿದ್ದರೆ ಎರಡು ಮಿಲಿಮೀಟರ್ ಕಣ್ಣಿನ ಬಲೆಯೂ ಸಾಕು. ಕೊಡಗಿನ ಮಳೆಗಾಲದಲ್ಲಿ ತೀರಾ ಸಣ್ಣ ಕಣ್ಣಿನ ಬಲೆಯಿಂದ ಗಾಳಿಯಾಡದೆ ಬೂಜುರೋಗ ಬರುತ್ತದೆ, ಹುಳು ತಪ್ಪಿಸಲು ಹೋಗಿ ರೋಗ ತಂದುಕೊಂಡ ಹಾಗಾಗುತ್ತದೆ. ಕಮಾನು ಕಟ್ಟಿ ಮಡಿಯ ಮೇಲೆ ಬಲೆ ಹೊದಿಸುವವರು ಎಲೆ ಬಲೆಗೆ ತಾಗದಂತೆ ಒಂದು ಗೇಣಾದರೂ ಅಂತರ ಬಿಡಬೇಕು. ತಂಬಾಕು ಹುಳುವಿನ ಪತಂಗ ಬಲೆಯ ಮೇಲೆ, ಕಂಬದ ಮೇಲೆ ಎಲ್ಲೆಂದರಲ್ಲಿ ಮೊಟ್ಟೆ ಇಡುತ್ತದೆ. ಒಡೆದ ಮರಿಗಳು ಕಣ್ಣಿನ ಮೂಲಕ ಒಳಗೆ ಬೀಳುತ್ತವೆ. ಆದ್ದರಿಂದ ಗಿಡ ನೋಡುವಾಗ ಬಲೆಯನ್ನೂ ಕಂಬವನ್ನೂ ನೋಡಿ, ಕಂದು ತೇಪೆ ಕಂಡರೆ ಉಜ್ಜಿ ತೆಗೆಯಿರಿ. ಬಲೆಯ ಬುಡ ಮಣ್ಣಿನಲ್ಲಿ ಹೂತಿರಬೇಕು.

ಹೋಂಸ್ಟೇ ಪಕ್ಕದಲ್ಲೇ ಸೊಪ್ಪು ಬೆಳೆಯುವವರಿಗೆ ಒಂದು ಕಿವಿಮಾತು: ಅಂಗಳದ ಪ್ರಖರ ಬಿಳಿ ದೀಪ ರಾತ್ರಿಯಿಡೀ ಪತಂಗಗಳನ್ನು ಕರೆಯುತ್ತದೆ. ಪಾತಿಯ ಕಡೆಗಿನ ದೀಪವನ್ನು ಹಳದಿ ಬೆಳಕಿನ ಎಲ್‌ಇಡಿಗೆ ಬದಲಿಸಿ, ಅಥವಾ ಬೆಳಕು ಪಾತಿಯತ್ತ ಬೀಳದಂತೆ ಮರೆ ಕಟ್ಟಿ.

ಲೂರ್ ಇಟ್ಟ ಮೋಹಕ ಬಲೆಯಲ್ಲಿ ಸಿಗುವುದು ಗಂಡು ಪತಂಗ ಮಾತ್ರ. ಅದರ ನಿಜವಾದ ಉಪಯೋಗ ಮುನ್ಸೂಚನೆ. ಎಕರೆಗೆ ಐದು ಬಲೆ ಎಂಬ ಲೆಕ್ಕವಿದೆ. ಇಪ್ಪತ್ತು, ಮೂವತ್ತು ಸೆಂಟ್ ಜಾಗಕ್ಕೆ ತಂಬಾಕು ಹುಳುವಿಗೆ ಒಂದು, ಕಾಯಿಕೊರಕಕ್ಕೆ ಒಂದು ಸಾಕು. ಎರಡರ ಲೂರ್ ಬೇರೆ ಬೇರೆ, ಒಂದೇ ಬಲೆಯಲ್ಲಿ ಎರಡನ್ನೂ ಹಾಕಬೇಡಿ. ಗಿಡದ ತುದಿಗಿಂತ ಒಂದು ಅಡಿ ಎತ್ತರದಲ್ಲಿ ಕಟ್ಟಿ. ಮೂರ್ನಾಲ್ಕು ವಾರಕ್ಕೊಮ್ಮೆ ಲೂರ್ ಬದಲಿಸಿ, ಉಳಿದದ್ದನ್ನು ಪೊಟ್ಟಣ ಒಡೆಯದೆ ಫ್ರಿಜ್ಜಿನಲ್ಲಿಡಿ. ಒಂದರ ಲೂರ್ ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಿದರೆ ವಾಸನೆ ಬೆರೆತು ಎರಡೂ ಕೆಡುತ್ತವೆ. ಬಲೆಗೆ ಬೀಳುವ ಪತಂಗ ಒಮ್ಮೆಲೇ ಹೆಚ್ಚಾಯಿತೆಂದರೆ ಮರುದಿನದಿಂದಲೇ ಎಲೆಯಡಿ ಮೊಟ್ಟೆ ಹುಡುಕಬೇಕು.

ಹುಡುಕುವ ಕ್ರಮ ಹೀಗಿರಲಿ. ವಾರಕ್ಕೆ ಎರಡು ಸಲ, ಬೆಳಗಿನ ಹೊತ್ತು, ಜಾಗದ ಐದು ಕಡೆ ನಾಲ್ಕು ನಾಲ್ಕು ಗಿಡ. ಅಂಚಿನ ಸಾಲುಗಳನ್ನು ಬಿಡಬೇಡಿ, ಪತಂಗ ಮೊದಲು ಇಳಿಯುವುದು ಅಲ್ಲೇ. ಹೊರಗಿನ ಎಲೆ ಮಗುಚಿ, ಸುಳಿ ಬಿಡಿಸಿ ನೋಡಿ. ಮೊಟ್ಟೆಯ ಗುಂಪು, ಮರಿ, ದೊಡ್ಡ ಹುಳು ಮೂರನ್ನೂ ಬೇರೆ ಬೇರೆ ಬರೆದಿಡಿ. ಗಡ್ಡೆ ಕಟ್ಟುವ ಮೊದಲು ಹೊರಗಿನ ಎಲೆಯಲ್ಲಿ ನಾಲ್ಕು ತೂತು ಕಂಡರೆ ಗಾಬರಿ ಬೇಡ, ಆ ಎಲೆಗಳು ಮಾರಾಟಕ್ಕೆ ಹೋಗುವುದಿಲ್ಲ. ಸುಳಿಯಲ್ಲಿ ಹಸಿ ಹಿಕ್ಕೆ ಕಂಡರೆ ಅವತ್ತು ಸಂಜೆಯೇ ಕೆಲಸ ಆಗಬೇಕು.

ಬಿಟಿ ಹೊಡೆಯುವುದು, ಅದು ಯಾಕೆ ಕೈಕೊಡುತ್ತದೆ

ಹಸಿ ತಿನ್ನುವ ಸೊಪ್ಪಿಗೆ ನನ್ನ ಮೊದಲ ಆಯ್ಕೆ ಬಿಟಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಪುಡಿ. ಪೊಟ್ಟಣದ ಮೇಲೆ ಕುರ್ಸ್ಟಾಕಿ ಎಂದಿರಬೇಕು. ಸೊಳ್ಳೆ ಮರಿಗೆಂದು ಮಾರುವ ಬೇರೊಂದು ಬಗೆಯೂ ಅಂಗಡಿಯಲ್ಲಿರುತ್ತದೆ, ಅದರಿಂದ ಇಲ್ಲಿ ಏನೂ ಆಗದು. ಹುಳು ಇದನ್ನು ತಿನ್ನಬೇಕು, ಮೈಗೆ ತಾಗಿದರೆ ಸಾಯುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಕರುಳಿನ ಗೋಡೆ ಒಡೆದು, ಕೆಲವೇ ಗಂಟೆಯಲ್ಲಿ ತಿನ್ನುವುದು ನಿಲ್ಲುತ್ತದೆ. ಸಾಯಲು ಮಾತ್ರ ಎರಡರಿಂದ ಐದು ದಿನ ಹಿಡಿಯುತ್ತದೆ. ಮರುದಿನ ಹುಳು ಜೀವಂತ ಕಂಡಿತೆಂದು ಔಷಧಿ ಸುಳ್ಳು ಎನ್ನುವವರು ಬಹಳ ಜನ. ನೋಡಬೇಕಾದದ್ದು ಹೊಸ ಹಿಕ್ಕೆ ಬೀಳುತ್ತಿದೆಯೇ ಎಂದು.

ಪ್ರಮಾಣ ಲೀಟರಿಗೆ 1ರಿಂದ 2 ಗ್ರಾಂ, ಪೊಟ್ಟಣದ ಸೂಚನೆಯನ್ನೂ ಓದಿ. ಬೆಳೆದ ಬೆಳೆಗೆ ಎಕರೆಗೆ 200 ಲೀಟರ್ ನೀರು, ಅಂದರೆ ಸೆಂಟಿಗೆ ಎರಡು ಲೀಟರ್. 16 ಲೀಟರಿನ ಬೆನ್ನಿನ ಪಂಪು ಎಂಟು ಸೆಂಟಿಗೆ ಬರುತ್ತದೆ, ಅದಕ್ಕೆ ಹೆಚ್ಚೆಂದರೆ 32 ಗ್ರಾಂ ಪುಡಿ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿದರೆ ಗಂಟು ಕಟ್ಟಿ ನಾಜಲ್ ಕಟ್ಟಿಕೊಳ್ಳುತ್ತದೆ. ಮೊದಲು ಅರ್ಧ ಲೀಟರ್ ನೀರಿನಲ್ಲಿ ಹಿಟ್ಟಿನಂತೆ ಕಲಸಿ, ಬಟ್ಟೆಯಲ್ಲಿ ಸೋಸಿ, ಅರ್ಧ ತುಂಬಿದ ಟ್ಯಾಂಕಿಗೆ ಹಾಕಿ ಕಲಕಿ, ಅಂಟುದ್ರಾವಣ ಸೇರಿಸಿ ಉಳಿದ ನೀರು ತುಂಬಿ. ಲೆಟ್ಯೂಸಿನ ನುಣುಪು ಎಲೆಗೆ ಅಂಟು ಇಲ್ಲದಿದ್ದರೆ ಹನಿ ಜಾರಿ ಹೋಗುತ್ತದೆ. ಕಲಸಿದ್ದನ್ನು ಅವತ್ತೇ ಮುಗಿಸಬೇಕು, ರಾತ್ರಿ ಇಟ್ಟು ಮರುದಿನ ಹೊಡೆಯಬಾರದು. ಬಿಸಿಲು ಬಿಟಿಯನ್ನು ಬೇಗ ಕೆಡಿಸುವುದರಿಂದ ಸಂಜೆ ಐದರ ನಂತರ ಹೊಡೆಯಿರಿ, ನಾಜಲ್ ಮೇಲ್ಮುಖ ಮಾಡಿ ಎಲೆಯ ಅಡಿಗೂ ಸುಳಿಗೂ ತಾಗುವಂತೆ. ಐದರಿಂದ ಏಳು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು, ಏಕೆಂದರೆ ಮೊದಲ ಸಲ ಮೊಟ್ಟೆಯಾಗಿದ್ದವು ಆಗ ಮರಿಯಾಗಿರುತ್ತವೆ. ತಂಬಾಕು ಹುಳುವಿಗೆ ಕುರ್ಸ್ಟಾಕಿ ಬಗೆ ಸ್ವಲ್ಪ ಬಲ ಕಡಿಮೆ, ಈಗಷ್ಟೇ ಒಡೆದ ಮರಿಗಳ ಮೇಲೆ ಮಾತ್ರ ಭರವಸೆ ಇಡಬಹುದು. ಒಂದೂವರೆ ಇಂಚಿನ ಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಕೈಯಲ್ಲೇ ಆರಿಸಬೇಕು.

ಇನ್ನು ಪಂಪಿನ ವಿಷಯ, ಇದು ಕಾಫಿ ನಾಡಿನ ವಿಶೇಷ ತೊಂದರೆ. ಕಾಫಿಗೆ, ಕರಿಮೆಣಸಿಗೆ ಬೋರ್ಡೋ ದ್ರಾವಣ ಹೊಡೆದ ಅದೇ ಪಂಪಿನಲ್ಲಿ ಬಿಟಿ ಕಲಸುತ್ತಾರೆ. ಬೋರ್ಡೋದಲ್ಲಿರುವ ಸುಣ್ಣ ನೀರನ್ನು ಕ್ಷಾರವಾಗಿಸುತ್ತದೆ, ಕ್ಷಾರದಲ್ಲಿ ಬಿಟಿಯ ವಿಷ ಕೆಡುತ್ತದೆ. ಅದರಲ್ಲಿರುವ ತಾಮ್ರ ಶಿಲೀಂಧ್ರದ ಜೈವಿಕ ಔಷಧಿಗಳನ್ನು ಕೊಲ್ಲುತ್ತದೆ. ತೋಟದಲ್ಲಿ ಕಳೆನಾಶಕ ಹೊಡೆದ ಪಂಪಾದರಂತೂ ಉಳಿದ ಚೂರು ಔಷಧಿಯೇ ಲೆಟ್ಯೂಸನ್ನು ಸುಡುತ್ತದೆ. ಸೊಪ್ಪಿಗೆಂದೇ ಒಂದು ಪಂಪು ಬೇರೆ ಇಟ್ಟು, ಅದರ ಮೇಲೆ ಬಣ್ಣದಲ್ಲಿ ಬರೆದಿಡಿ. ತೊಳೆದ ನೀರನ್ನು ತೋಡಿಗೆ, ಕೆರೆಗೆ ಚೆಲ್ಲಬೇಡಿ.

ಎನ್‌ಪಿವಿ ಎಂಬ ವೈರಸ್ ದ್ರಾವಣವೂ ಒಳ್ಳೆಯದೇ, ಎಕರೆಗೆ 100 ಎಲ್‌ಇ (ರೋಗ ತಗುಲಿ ಸತ್ತ 100 ಹುಳುವಿನಲ್ಲಿ ಇರುವಷ್ಟು ವೈರಸ್). ಕಾಯಿಕೊರಕದ್ದು ತಂಬಾಕು ಹುಳುವನ್ನು ಕೊಲ್ಲುವುದಿಲ್ಲ, ತಂಬಾಕು ಹುಳುವಿನದು ಕಾಯಿಕೊರಕವನ್ನು ಕೊಲ್ಲುವುದಿಲ್ಲ, ಕೇಳಿ ತನ್ನಿ. ಬಿಸಿಲಿನಿಂದ ಕಾಪಾಡಲು ಬಟ್ಟೆಯ ನೀಲಿ ಬೆರೆಸುವ ರೂಢಿ ಬೇರೆ ಬೆಳೆಗಳಲ್ಲಿದೆ, ಹಸಿ ತಿನ್ನುವ ಎಲೆಗೆ ಅದು ಬೇಡ, ಸಂಜೆ ಹೊಡೆದರೆ ಸಾಕು. ವೈರಸ್ ತಗುಲಿದ ಹುಳು ಎಲೆಯ ತುದಿಗೆ ಹತ್ತಿ ತಲೆಕೆಳಗಾಗಿ ನೇತು ಕೊಳೆತು ಸೋರುತ್ತದೆ. ಹಾಗಾಗಿ ಇದನ್ನು ಬೆಳೆಯ ಮೊದಲ ಮೂರು ವಾರಕ್ಕೆ ಮೀಸಲಿಡಿ. ಮಳೆಗಾಲದ ತೇವದಲ್ಲಿ ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರ ತಾನಾಗಿಯೇ ಹುಳುಗಳಿಗೆ ತಗಲುತ್ತದೆ. ಹುಳು ಗಟ್ಟಿಯಾಗಿ ಬೆಳ್ಳಗಾಗಿ, ಆಮೇಲೆ ತಿಳಿಹಸಿರು ಪುಡಿ ಬಳಿದಂತೆ ಎಲೆಗೆ ಅಂಟಿರುತ್ತದೆ. ಅಂಥ ಹುಳು ಹೆಚ್ಚು ಕಂಡರೆ ಔಷಧಿ ಹೊಡೆಯುವ ಮುನ್ನ ಎರಡು ದಿನ ಕಾದು ನೋಡಿ.

ಬೇವಿನ ಬೀಜದ ಶೇ 5ರ ಕಷಾಯಕ್ಕೆ ಹತ್ತು ಲೀಟರಿಗೆ ಅರ್ಧ ಕಿಲೋ ತಿರುಳು ಬೇಕು. ಬಯಲುಸೀಮೆಯಿಂದ ತಂದ ಬೀಜ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿದಿರುತ್ತದೆ, ಅದರಲ್ಲಿ ಸತ್ವ ಇರುವುದಿಲ್ಲ. ಅದಕ್ಕಿಂತ ಅಂಗಡಿಯ 1500 ಪಿಪಿಎಂ ಅಜಾಡಿರಾಕ್ಟಿನ್ (ಬೇವಿನ ಸತ್ವ) ಲೀಟರಿಗೆ 5 ಮಿಲಿ ಮೇಲು. ಎಳೆ ಎಲೆಗೆ ಬಿಸಿಲಲ್ಲಿ ಹೊಡೆದರೆ ಸುಡುತ್ತದೆ, ಮೊದಲು ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ನೋಡಿ. ಕೊಯ್ಲಿಗೆ ಹತ್ತು ದಿನ ಇದೆ ಎನ್ನುವಾಗ ನಿಲ್ಲಿಸಿ, ಇಲ್ಲವಾದರೆ ಸೊಪ್ಪು ಕಹಿ ಎಂಬ ದೂರು ಬರುತ್ತದೆ.

ರಾಸಾಯನಿಕ ಕೇಳುವವರಿಗೆ

ಅಂಗಡಿಯಲ್ಲಿ ಎಲೆಕೋಸಿನ ಔಷಧಿಯನ್ನೇ ಲೆಟ್ಯೂಸಿಗೂ ಕೊಡುತ್ತಾರೆ. ಲೇಬಲ್ಲಿನಲ್ಲಿ ಲೆಟ್ಯೂಸ್ ಹೆಸರಿದೆಯೇ ಓದಿ, ಇಲ್ಲದಿದ್ದರೆ ಅದು ಈ ಬೆಳೆಗಲ್ಲ. ಕೋಸಿಗೆ ಹೊಡೆದು ಮೂರು ದಿನ ಕಾಯಿರಿ ಎಂದು ಬರೆದದ್ದು ಬಿಗಿಯಾದ ಗಡ್ಡೆಯ ಲೆಕ್ಕ. ಬಿಡಿ ಎಲೆಯ ಲೆಟ್ಯೂಸಿನಲ್ಲಿ ತೂಕಕ್ಕೆ ಹೋಲಿಸಿದರೆ ಎಲೆಯ ಹರವು ಬಹಳ ಹೆಚ್ಚು, ಉಳಿಯುವ ವಿಷವೂ ಹೆಚ್ಚು. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಂತೂ ಯಾವ ತರಕಾರಿಗೂ ನಿಷಿದ್ಧ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ ತೋಟದ ತುಂಬ ಜೇನು ಇರುತ್ತದೆ. ಸ್ಪಿನೋಸಾಡ್, ಎಮಾಮೆಕ್ಟಿನ್‌ನಂಥ ಕೀಟನಾಶಕಗಳು ಒದ್ದೆಯಿರುವಾಗ ಜೇನಿಗೆ ಮಾರಕ. ಆ ದಿನಗಳಲ್ಲಿ ಹಗಲು ಪಂಪು ಹೊರಗೆ ತೆಗೆಯಲೇಬೇಡಿ.

ಕೊಯ್ಲು ಬೆಳಗಿನ ತಂಪಿನಲ್ಲಿ ಆಗಲಿ. ಹೊರಗಿನ ಎಲೆ ಬಿಡಿಸಿ, ಬುಡ ಮೇಲೆ ಮಾಡಿ ಒಮ್ಮೆ ಕೊಡವಿ, ತೂತಿರುವ ಗಡ್ಡೆಯನ್ನು ಸೀಳಿ ನೋಡಿ ಬೇರೆ ಇಡಿ. ಬಿಡಿ ಎಲೆಯನ್ನು ಲೀಟರಿಗೆ ಹತ್ತು ಗ್ರಾಂ ಉಪ್ಪು ಹಾಕಿದ ತಣ್ಣೀರಿನಲ್ಲಿ ಐದು ನಿಮಿಷ ಅದ್ದಿದರೆ ಸಣ್ಣ ಹುಳು ಬಿಟ್ಟು ಬರುತ್ತದೆ. ಆಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಉಳಿದ ಬುಡ, ಕಿತ್ತ ಎಲೆಗಳನ್ನು ಅವತ್ತೇ ಪಾತಿಯಿಂದ ಹೊರಗೆ ಹಾಕಿ.

ಸಭೆಯಲ್ಲಿ ಬಂದ ಎರಡು ಪ್ರಶ್ನೆ

ಬಿಟಿ ಹೊಡೆದ ರಾತ್ರಿಯೇ ಮಳೆ ಬಂದರೆ ಏನು ಮಾಡುವುದು ಎಂದು ಒಬ್ಬರು ಕೇಳಿದರು. ಜೋರು ಮಳೆಯಾದರೆ ತೊಳೆದು ಹೋಗಿದೆ ಎಂದೇ ತಿಳಿದು ಮತ್ತೆ ಹೊಡೆಯಬೇಕು. ಮಳೆ ಆಶ್ರಯದ ಕೆಳಗಿದ್ದರೆ ಚಿಂತೆಯಿಲ್ಲ. ಜೋರು ಮಳೆ ಎಷ್ಟೋ ಎಳೆ ಮರಿಗಳನ್ನೂ ಕೆಡವಿರುತ್ತದೆ, ಆದ್ದರಿಂದ ಮೊದಲು ಇಪ್ಪತ್ತು ಗಿಡ ನೋಡಿ, ಆಮೇಲೆ ಪಂಪು ಎತ್ತಿ.

ಕೋಶ ಆರಿಸಿ ತಿನ್ನಲು ಪಾತಿಗೆ ಕೋಳಿ ಬಿಡಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಕೋಳಿ ಚೆನ್ನಾಗಿ ಕೆದಕುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅದರ ಹಸಿ ಹಿಕ್ಕೆಯೂ ಮಣ್ಣಿಗೆ ಸೇರುತ್ತದೆ. ಮಣ್ಣಿಗೆ ತಾಗುವ ಹಸಿ ಸೊಪ್ಪಿಗೆ, ಕಳಿಯದ ಗೊಬ್ಬರ ಸೇರಿದ ದಿನದಿಂದ ಕೊಯ್ಲಿನವರೆಗೆ 120 ದಿನ ಅಂತರ ಇರಬೇಕೆಂದು ಅಮೆರಿಕದ ಸಾವಯವ ನಿಯಮ ಹೇಳುತ್ತದೆ. ಲೆಟ್ಯೂಸ್ ಅಷ್ಟು ದಿನ ನೆಲದಲ್ಲಿ ಇರುವುದೇ ಇಲ್ಲ. ಕೂಡಲೇ ಮತ್ತೆ ಲೆಟ್ಯೂಸ್ ಹಾಕುವ ಜಾಗಕ್ಕೆ ಕೋಳಿ ಬಿಡಬೇಡಿ. ಮುಂದೆ ಭತ್ತ ಹಾಕುವ ಜಾಗವಾದರೆ ಧಾರಾಳವಾಗಿ ಬಿಡಿ.